ನಗೆನೆಂಟ ಕಳಿಸಿದ ಮುಚ್ಚಳ

ಬೆಂಬಾ ಮನೆಯಲ್ಲಿ ಸಾವಾದರೆ ಗುಂಡಿ ತೋಡುವುದಕ್ಕೂ ಅಳುವವರನ್ನು ನಗಿಸುವುದಕ್ಕೂ ಅಂಗೋನಿಗಳೇ ಬರಬೇಕು. ಹಿಂದೆ ಯಾವಾಗಲೋ ಈ ಎರಡು ಕುಲದವರು ಹೊಡೆದಾಡಿ ಹೊಡೆದಾಡಿ ಸುಸ್ತಾಗಿ, ಇನ್ನು ಮೇಲೆ ಬಾಯಲ್ಲಿ ಮಾತ್ರ ಹೊಡೆದಾಡೋಣ ಎಂದು ರಾಜಿಯಾದರಂತೆ. ಅಂದಿನಿಂದ ಇವರು ನಗೆನೆಂಟರು. ಬೆಂಬಾದವನು ಅಂಗೋನಿಯನ್ನು ಇಲಿ ತಿನ್ನುವವನು ಅನ್ನುತ್ತಾನೆ, ಅಂಗೋನಿ ಬೆಂಬಾದವನನ್ನು ಕೋತಿ ತಿನ್ನುವವನು ಅನ್ನುತ್ತಾನೆ. ಏನಂದರೂ ಸಿಟ್ಟಾಗುವಂತಿಲ್ಲ, ಏನಂದರೂ ನಂಬುವಂತಿಲ್ಲ. ನಾನು ಲೋಜಿ ಕುಲದ ಹೆಂಗಸು, ಹೆಸರು ನಸಿಲೇಲೆ. ನಮ್ಮ ನಗೆನೆಂಟರು ಬೇರೆ, ನಮ್ಮ ಜಗಳ ಬೇರೆ. ಆದರೂ ಕಿಟ್ವೆಯ ಬೀರು ಫ್ಯಾಕ್ಟರಿಯಲ್ಲಿ ಅರ್ಧ ಆಯಸ್ಸು ಕಳೆದವಳಾದ್ದರಿಂದ ಈ ಬೈಗುಳಗಳೆಲ್ಲ ನನಗೆ ಬಾಯಿಪಾಠ. ಈಗ ಯಾರಾದರೂ ನನ್ನೆದುರು ಈ ಪದ್ಧತಿಯನ್ನು ಹೊಗಳಿದರೆ ಮೈ ಉರಿಯುತ್ತದೆ.

ನಮ್ಮ ಬೀರು ಮೆಕ್ಕೆಜೋಳದ್ದು, ಗಂಜಿಯ ಹಾಗೆ ಮಂದ. ಪ್ಲಾಸ್ಟಿಕ್ ಬಾಟ್ಲಿಗೆ ತುಂಬಿದ ಮೇಲೂ ಅದು ಹುದುಗುತ್ತಲೇ ಇರುತ್ತದೆ. ಅದಕ್ಕೇ ಮುಚ್ಚಳದಲ್ಲಿ ಕಂಡೂ ಕಾಣದಂಥ ಒಂದು ತೂತು, ಒಳಗಿನ ಗಾಳಿ ಹೊರಗೆ ಹೋಗಲಿ ಅಂತ. ತೂತಿಲ್ಲದಿದ್ದರೆ ಬಾಟ್ಲಿ ಉಬ್ಬಿ ಉಬ್ಬಿ ಕೊನೆಗೆ ಸಿಡಿಯುತ್ತದೆ. ನಮ್ಮ ಕಡೆಯ ಅಕ್ಟೋಬರ್ ಬಿಸಿಲಲ್ಲಂತೂ ಕೇಳುವುದೇ ಬೇಡ.

ಮುಚ್ಚಳ ಬರುವುದು ಪಕ್ಕದ ಊರು ಎಂಡೋಲದ ಒಂದು ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಯಿಂದ. ಮೊದಲೆಲ್ಲ ಲಾರಿಗಟ್ಟಲೆ ಬಂದು ನಮ್ಮ ಗೋದಾಮಿನಲ್ಲಿ ವಾರ ಹತ್ತು ದಿನ ಬಿದ್ದಿರುತ್ತಿತ್ತು. ಅಷ್ಟರಲ್ಲಿ ನಾವು ಮೂವರು ಹೆಂಗಸರು ಪ್ರತಿ ಮೂಟೆಯಿಂದ ಒಂದು ಹಿಡಿ ತೆಗೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಕೊಳವೆಯಿಂದ ಗಾಳಿ ಊದಿ, ಗುಳ್ಳೆ ಏಳುತ್ತದೋ ಇಲ್ಲವೋ ನೋಡುತ್ತಿದ್ದೆವು. ಕೈ ಸದಾ ಬಾಣಂತಿ ಬಟ್ಟೆ ಒಗೆದವರ ಕೈಯಂತೆ ಸುಕ್ಕುಗಟ್ಟಿರುತ್ತಿತ್ತು. ಇಷ್ಟೆಲ್ಲ ಮಾಡಿದರೂ ಒಮ್ಮೊಮ್ಮೆ ಮುಚ್ಚಳವೇ ಬರದೆ ಬೀರು ತುಂಬುವ ಸಾಲು ನಿಂತುಬಿಡುತ್ತಿತ್ತು. ಬೀರು ಯಾರಿಗೂ ಕಾಯುವುದಿಲ್ಲ. ತೊಟ್ಟಿಯಲ್ಲೇ ಹುಳಿಯಾಗಿ ಚರಂಡಿಗೆ ಹೋಗುತ್ತಿತ್ತು, ಆ ಬೀದಿಯ ಹಂದಿಗಳು ಮಾತ್ರ ಸುಖವಾಗಿದ್ದವು.

ಆಗ ರಾಜಧಾನಿ ಲುಸಾಕದ ದೊಡ್ಡ ಆಫೀಸಿನಿಂದ ಒಬ್ಬ ಸುಧಾರಕ ಬಂದ. ಕೆಟ್ಟವನಲ್ಲ, ಜೋರು ಮಾತಿನವನಲ್ಲ, ಊಟದ ಡಬ್ಬಿಯನ್ನು ತಾನೇ ತರುತ್ತಿದ್ದ. ಗೋದಾಮನ್ನು ಸುತ್ತಿ ನೋಡಿ, ಇಷ್ಟು ಜಾಗದಲ್ಲಿ ಮುಚ್ಚಳಗಳು ಮಲಗಿ ನಿದ್ದೆ ಹೊಡೆಯುತ್ತಿವೆಯಲ್ಲ ಅಂದ. ಇನ್ನು ಮೇಲೆ ರಾತ್ರಿ ಎಂಡೋಲದಲ್ಲಿ ಅಚ್ಚಾದ ಮುಚ್ಚಳ ಬೆಳಿಗ್ಗೆ ಲಾರಿಯಿಂದ ನೇರವಾಗಿ ಬಾಟ್ಲಿಯ ಮೇಲೆ ಕೂರಬೇಕು. ತೂತು ಸರಿಯಿದೆಯೋ ಇಲ್ಲವೋ ಮಾಡಿದವರೇ ನೋಡಿಕೊಳ್ಳಬೇಕು. ನಮ್ಮ ತೊಟ್ಟಿ ಬೇಡ, ಗೋದಾಮು ಬೇಡ. ಆ ಜಾಗದಲ್ಲಿ ತುಂಬಿದ ಬೀರನ್ನು ಮರದ ಹಲಗೆಗಳ ಮೇಲೆ ಪೇರಿಸಬಹುದು, ಎರಡು ಅಂತಸ್ತಿನ ಬದಲು ನಾಲ್ಕು ಅಂತಸ್ತು. ಎಂಡೋಲದವರಿಗೆ ಷರತ್ತು ಒಂದೇ: ಮುಚ್ಚಳವಿಲ್ಲದೆ ನಮ್ಮ ಸಾಲು ಒಂದೇ ಒಂದು ಸಲ ನಿಂತರೂ ಗುತ್ತಿಗೆ ದಕ್ಷಿಣ ಆಫ್ರಿಕದ ಕಂಪನಿಗೆ ಹೋಗುತ್ತದೆ.

ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ತೊಟ್ಟಿ ಹೋದದ್ದಕ್ಕೆ ನಾನಂತೂ ಅಳಲಿಲ್ಲ. ನನ್ನನ್ನು ಸರಕಿನ ಆಫೀಸಿಗೆ, ಚಿಶಿಂಬನ ಪಕ್ಕದ ಮೇಜಿಗೆ ಹಾಕಿದರು. ಒಣಗಿದ ಕೈಯಲ್ಲಿ ಚಹಾ ಕುಡಿಯುವ ಸುಖವೇ ಬೇರೆ.

ಚಿಶಿಂಬ ಬೆಂಬಾದವನು. ಆನೆಯಂಥ ಆಳು, ನಕ್ಕರೆ ಮೇಜಿನ ಮೇಲಿನ ಲೋಟ ಅಲುಗಾಡುತ್ತಿತ್ತು. ಈ ಹೊಸ ಏರ್ಪಾಡು ನಿಂತದ್ದೇ ಅವನ ಮೇಲೆ. ಯಾಕೆಂದರೆ ಎಂಡೋಲದ ಕಾರ್ಖಾನೆಯಲ್ಲಿ ಅಚ್ಚಿನ ಮೇಸ್ತ್ರಿಯಾಗಿದ್ದವನು ಜೆರೆ, ಅಪ್ಪಟ ಅಂಗೋನಿ, ಚಿಶಿಂಬನಿಗೆ ಎಷ್ಟೋ ವರ್ಷದ ನಗೆನೆಂಟ. ಇಬ್ಬರ ನಡುವೆ ಪತ್ರವಿಲ್ಲ, ಸಹಿಯಿಲ್ಲ. ಬೆಳಿಗ್ಗೆ ಲಾರಿ ಹೊರಟ ಕೂಡಲೇ ಜೆರೆ ಫೋನ್ ಮಾಡುತ್ತಿದ್ದ. ಚಿಶಿಂಬ ಅದನ್ನು ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕುತ್ತಿದ್ದ, ಇಡೀ ಆಫೀಸು ಬ್ರೆಡ್ಡು ಚಹಾ ಹಿಡಿದು ಸುತ್ತ ನೆರೆಯುತ್ತಿತ್ತು. ಇವತ್ತು ಮುಚ್ಚಳಕ್ಕೆ ವಿಷ ಸವರಿ ಕಳಿಸಿದ್ದೇನೆ ಅನ್ನುತ್ತಿದ್ದ ಜೆರೆ. ಇನ್ನೊಂದು ದಿನ, ತೂತು ಹಾಕಿಲ್ಲ, ಕೋತಿ ಕಡಿಯುವ ಹಲ್ಲಿದೆಯಲ್ಲ, ಕಚ್ಚಿ ಮಾಡಿಕೊಳ್ಳಿ ಅನ್ನುತ್ತಿದ್ದ. ಮುಚ್ಚಳದ ಮೂಟೆಯಲ್ಲಿ ಇಲಿ ಹಿಕ್ಕೆ ಸಿಕ್ಕಿತು, ನಿನ್ನ ಮಧ್ಯಾಹ್ನದ ಊಟ ಓಡಿಹೋಗಿದೆ ಹುಡುಕಿಕೋ ಅಂತ ಚಿಶಿಂಬ ತಿರುಗಿಸಿ ಕೊಡುತ್ತಿದ್ದ. ಬೈದಾಟ ಮುಗಿದ ಮೇಲೆ ಕೊನೆಯ ಅರ್ಧ ನಿಮಿಷದಲ್ಲಿ ಎಷ್ಟು ಮೂಟೆ, ಯಾವ ಲಾರಿ ಎಂದು ಹೇಳಿ ಇಡುತ್ತಿದ್ದರು. ಅದರಿಂದಲೇ ಸಾಲು ನಿಲ್ಲದೆ ನಡೆಯಿತು. ಗೋಡೆಗೆ ಒಂದು ಹಲಗೆ ತೂಗುಹಾಕಿದರು, ಮುಚ್ಚಳಕ್ಕಾಗಿ ಸಾಲು ನಿಂತ ದಿನಗಳು, ಸೊನ್ನೆ. ಚಿಶಿಂಬ ದಿನಾ ಬೆಳಿಗ್ಗೆ ಆ ಸೊನ್ನೆಯನ್ನು ಕರವಸ್ತ್ರದಿಂದ ಒರೆಸುತ್ತಿದ್ದ.

ಅವನ ಒಂದು ಗುಟ್ಟು ನನಗೂ ಜೆರೆಗೂ ಮಾತ್ರ ಗೊತ್ತಿತ್ತು. ಒಂದು ಮುಚ್ಚಳವನ್ನೂ ಕೂಡಿಡಬಾರದು ಎಂದು ಸುಧಾರಕ ಹೇಳಿದ್ದರೂ, ಆಪತ್ತಿಗಿರಲಿ ಎಂದು ಮೆಟ್ಟಿಲ ಕೆಳಗೆ ಕೆಲವು ಮೂಟೆಗಳನ್ನು ಹಳೆಯ ತಾಡಪಾಲು ಮುಚ್ಚಿ ಇಟ್ಟಿದ್ದ. ಗೊತ್ತಾದರೆ ಮೇಲಿನವರು ಸುಮ್ಮನಿರುತ್ತಿರಲಿಲ್ಲ.

ಅಕ್ಟೋಬರಿನ ಆ ಬೆಳಿಗ್ಗೆ ಎಂಡೋಲದಲ್ಲಿ ನಡೆದದ್ದನ್ನು ಜೆರೆ ಆಮೇಲೆ ನನಗೆ ಹೇಳಿದ. ಮುಚ್ಚಳದ ತೂತು ಮೂಡಿಸುವುದಕ್ಕೆ ಅಚ್ಚಿನೊಳಗೆ ಕೂದಲಿನಷ್ಟು ಸಣ್ಣ ಉಕ್ಕಿನ ಮೊಳೆಗಳಿರುತ್ತವೆ. ರಾತ್ರಿ ಪಾಳಿಯಲ್ಲಿ ಅವುಗಳಲ್ಲಿ ಕೆಲವು ಮುರಿದಿದ್ದವು. ಯಾವಾಗ ಮುರಿದವೋ ಗೊತ್ತಿಲ್ಲ. ಜೆರೆ ಬೆಳಿಗ್ಗೆ ಬಂದು ಅಚ್ಚು ಬಿಚ್ಚುವ ಹೊತ್ತಿಗೆ ಲಾರಿ ತುಂಬಿ ನಿಂತಿತ್ತು. ತೂತಿಲ್ಲದ ಮುಚ್ಚಳಗಳು ಎಲ್ಲ ಮೂಟೆಗಳಲ್ಲೂ ಬೆರೆತುಹೋಗಿದ್ದವು. ಲಾರಿ ತಡೆಯೋಣ ಅಂದ. ಕಾರ್ಖಾನೆಯ ಒಡತಿ ಒಪ್ಪಲಿಲ್ಲ. ಗುತ್ತಿಗೆ ಹೋದರೆ ನಾಳೆಯೇ ಬಾಗಿಲು ಹಾಕಬೇಕು, ಇಷ್ಟು ಜನರನ್ನು ನೀನು ಸಾಕುತ್ತೀಯಾ ಅಂತ ಕೇಳಿದಳಂತೆ. ಅಷ್ಟು ದೊಡ್ಡ ಫ್ಯಾಕ್ಟರಿಯವರು ಒಂದು ಸಲವಾದರೂ ನೋಡದೆ ಹಾಕುತ್ತಾರೆಯೇ, ಕೆಟ್ಟದ್ದನ್ನು ಅವರೇ ಎತ್ತಿಹಾಕುತ್ತಾರೆ ಅಂದಳಂತೆ. ನಾವು ನೋಡುವುದನ್ನು ಬಿಟ್ಟಿದ್ದು ಮಾಡಿದವರು ನೋಡಿರುತ್ತಾರೆ ಎಂದು, ಅವಳು ಬಿಟ್ಟಿದ್ದು ಕೊಂಡವರು ನೋಡುತ್ತಾರೆ ಎಂದು. ಲಾರಿ ಹೊರಟಿತು.

ಒಡತಿ ಪಕ್ಕದಲ್ಲೇ ನಿಂತಿದ್ದಳು. ದಿನದ ಫೋನ್ ಮಾಡದಿದ್ದರೆ ಕಿಟ್ವೆಯಲ್ಲಿ ಅನುಮಾನ ಬರುತ್ತದೆ. ಜೆರೆಗೆ ಒಂದು ಉಪಾಯ ಹೊಳೆಯಿತು. ತಮಾಷೆಯ ದನಿಯಲ್ಲೇ ನಿಜ ಹೇಳಿಬಿಟ್ಟರೆ ಒಡತಿಗೆ ತಮಾಷೆಯಾಗಿ ಕೇಳುತ್ತದೆ, ಚಿಶಿಂಬನಿಗೆ ನಿಜ ತಿಳಿಯುತ್ತದೆ. ಹಾವು ಸಾಯಬೇಕು, ಕೋಲು ಮುರಿಯಬಾರದು.

ನಮ್ಮ ಆಫೀಸಿನಲ್ಲಿ ಫೋನ್ ಹೊಡೆದುಕೊಂಡಾಗ ಎಲ್ಲರೂ ಎಂದಿನಂತೆ ಲೋಟ ಹಿಡಿದು ಬಂದರು.

“ಏ ಕೋತಿ ತಿನ್ನೋನೇ, ಇನ್ನೂ ಬದುಕಿದೀಯಾ?”

“ನಿನ್ನ ಮುಖ ಮಣ್ಣಲ್ಲಿ ನೋಡದೆ ನಾನು ಹೋಗಲ್ಲ ಕಣೋ,” ಅಂದ ಚಿಶಿಂಬ.

“ಹಾಗಾದ್ರೆ ಕೇಳು. ಇವತ್ತು ನಿನ್ನ ಸಾವನ್ನೇ ಲಾರೀಲಿ ತುಂಬಿ ಕಳಿಸಿದೀನಿ. ಮುಚ್ಚಳಕ್ಕೆ ತೂತಿಲ್ಲ. ಹಾಕಿದ್ರೆ ನಿನ್ನ ಬೀರು ಸಿಡಿದು ನಿನ್ನ ಮೇಲೇ ಬೀಳುತ್ತೆ.”

ಚಿಶಿಂಬ ಮೇಜು ಗುದ್ದಿ ನಕ್ಕ. “ಬೀಳಲಿ ಬೀಳಲಿ. ಗುಂಡಿ ತೋಡೋಕೆ ನೀನೇ ಬರಬೇಕಲ್ಲ, ಸಲಿಕೆ ಮಸೆದಿಟ್ಕೋ.”

ಎಲ್ಲರೂ ನಕ್ಕರು. ಜೆರೆ ಮೂಟೆಗಳ ಲೆಕ್ಕ ಹೇಳಿ ಇಟ್ಟ.

ಸ್ವಲ್ಪ ಹೊತ್ತಿಗೆ ಮತ್ತೆ ಫೋನು. ಈ ಸಲ ಅವನು ಕಾರ್ಖಾನೆಯ ಹಿತ್ತಲಿಗೆ ಹೋಗಿ ಮಾಡಿದ್ದನಂತೆ. ನಮಗೇನು ಗೊತ್ತು? ಎರಡನೆಯ ಕಂತು ಬಂತೆಂದು ಚಿಶಿಂಬ ಮತ್ತೆ ಸ್ಪೀಕರಿಗೆ ಹಾಕಿದ.

“ಚಿಶಿಂಬನವರೇ, ತಮಾಷೆ ಅಲ್ಲ,” ಅಂದ ಜೆರೆ. ದನಿ ತಗ್ಗಿತ್ತು. “ದಯವಿಟ್ಟು ಆ ಲಾರಿ ಇಳಿಸಬೇಡಿ. ತೂತಿಲ್ಲದ್ದು ಬೆರೆತಿದೆ. ಮೆಟ್ಟಿಲ ಕೆಳಗಿನ ಮೂಟೆ ತಗೊಂಡು ಮಧ್ಯಾಹ್ನದವರೆಗೆ ನಡೆಸಿ. ಅಷ್ಟರಲ್ಲಿ ನಾನು ಬೇರೆ ಕಳಿಸ್ತೀನಿ.”

ತಮಾಷೆ ಅಲ್ಲ ಅನ್ನುವುದು ನಗೆನೆಂಟರ ಅತಿ ಹಳೆಯ ತಮಾಷೆ. ಹೆಂಡತಿ ಓಡಿಹೋದಳು, ತಮಾಷೆ ಅಲ್ಲ. ಮನೆಗೆ ಬೆಂಕಿ ಬಿತ್ತು, ತಮಾಷೆ ಅಲ್ಲ. ಅದರ ಮೇಲೆ ಈ ಮರ್ಯಾದೆ ಬೇರೆ. ಹುಟ್ಟಿದಾಗಿನಿಂದ ಯಾವ ಅಂಗೋನಿಯೂ ಚಿಶಿಂಬನಿಗೆ ದಯವಿಟ್ಟು ಅಂದಿರಲಿಲ್ಲ. ಆಫೀಸು ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ, ಒಬ್ಬನಿಗೆ ಚಹಾ ನೆತ್ತಿಗೇರಿತು. ಚಿಶಿಂಬ ಮಾತ್ರ ಒಂದು ಕ್ಷಣ ನಗಲಿಲ್ಲ. ನಿಜ ಹೊಳೆಯಿತೇನೋ ಅಂದುಕೊಂಡರೆ, ಅಲ್ಲ. ಮೆಟ್ಟಿಲ ಕೆಳಗಿನ ಗುಟ್ಟನ್ನು ಇವನು ಎಲ್ಲರೆದುರು ಬಯಲು ಮಾಡಿದನಲ್ಲ ಎಂದು ಅವನ ಮುಖ ಬಿಳಿಚಿಕೊಂಡಿತ್ತು. ತಕ್ಷಣ ಸಾವರಿಸಿಕೊಂಡು ಜೋರಾಗಿ ಹೇಳಿದ, “ಕೇಳಿದ್ರೇನ್ರಪ್ಪಾ, ಇಲಿ ತಿನ್ನೋರಿಗೆ ಮರ್ಯಾದೆ ಬಂದಿದೆ, ಲೋಕ ಮುಳುಗುತ್ತೆ. ಯಾವ ಮೆಟ್ಟಿಲೋ, ಯಾವ ಮೂಟೆಯೋ. ಕುಡಿದಿದೀಯಾ, ಮಲಕ್ಕೋ ಹೋಗು.” ಫೋನ್ ಇಟ್ಟು ಎಲ್ಲರ ಜೊತೆ ತಾನೂ ನಕ್ಕ. ಆ ದಿನ ಮತ್ತೆ ಹೊಡೆದುಕೊಂಡಾಗ ಎತ್ತಲೂ ಇಲ್ಲ.

ಲಾರಿ ಬಂತು, ಮುಚ್ಚಳಗಳು ಬಾಟ್ಲಿಗಳ ಮೇಲೆ ಕೂತವು, ಬೀರು ಹಳೆಯ ಮುಚ್ಚಳದ ಗೋದಾಮಿಗೆ ಹೋಗಿ ನಾಲ್ಕು ಅಂತಸ್ತು ಏರಿತು.

ಮರುದಿನ ಏನೂ ಆಗಲಿಲ್ಲ. ಅದರ ಮರುದಿನ ಮಧ್ಯಾಹ್ನ ತಗಡಿನ ಛಾವಣಿ ಕಾದು ಚಟಪಟ ಅನ್ನುತ್ತಿತ್ತು. ಗೋದಾಮಿನಲ್ಲಿ ಬೀರು ಚೆಲ್ಲಿದ ವಾಸನೆ ಬರುತ್ತಿದೆ ಎಂದು ಯಾರೋ ಬಂದು ಹೇಳಿದರು. ಚಿಶಿಂಬ ಊಟದ ಕೈ ತೊಳೆದು, ನೋಡಿ ಬರುತ್ತೇನೆ ಅಂತ ಎದ್ದ. ಅವನು ಒಳಗೆ ಹೋದ ಮೇಲೆ ಕಡಲೆಕಾಯಿ ಹುರಿಯುವಾಗ ಬರುವಂಥ ಸದ್ದು ಬಂತು, ಮೊದಲು ಒಂದೊಂದೇ, ಆಮೇಲೆ ಒಟ್ಟಿಗೆ. ಕೆಳಗಿನ ಅಂತಸ್ತಿನ ಬಾಟ್ಲಿಗಳು ಸಿಡಿದು ಕುಸಿದವು, ಅವುಗಳ ಮೇಲಿನ ಮೂರು ಅಂತಸ್ತೂ ಗೋಡೆ ಬಿದ್ದ ಹಾಗೆ ಮಗುಚಿ ಬಿತ್ತು. ನಾವು ಓಡಿಹೋದಾಗ ಪಾದ ಮುಳುಗುವಷ್ಟು ನೊರೆ. ಮರದ ಹಲಗೆಗಳನ್ನು ಒಂದೊಂದಾಗಿ ಎತ್ತಿ ಅವನನ್ನು ಹೊರಗೆ ತಂದರು. ಎದೆ ಜಜ್ಜಿಹೋಗಿತ್ತು. ಮುಖಕ್ಕೆ ಮಾತ್ರ ಏನೂ ಆಗಿರಲಿಲ್ಲ, ಬಾಯಿ ತುಂಬ ಬೀರಿನ ನೊರೆ. ನಾನು ಸೊಂಟಕ್ಕೆ ಸುತ್ತಿದ ಬಟ್ಟೆಯ ತುದಿಯಿಂದ ಅದನ್ನು ಒರೆಸಿದೆ, ಒರೆಸಿದಷ್ಟೂ ಬರುತ್ತಿತ್ತು.

ಸಂಜೆ ಜೆರೆ ಫ್ಯಾಕ್ಟರಿಯ ಗೇಟಿಗೆ ಬಂದಿದ್ದ. ಕಾವಲಿನವರು ಒಳಗೆ ಬಿಡಲಿಲ್ಲ. ನಾನೇ ಹೊರಗೆ ಹೋದೆ. ರಸ್ತೆ ಬದಿಯ ಚರಂಡಿಯ ಕಟ್ಟೆ ಮೇಲೆ ಕೂತು ಎಲ್ಲವನ್ನೂ ಹೇಳಿದ, ಅಚ್ಚಿನ ಮೊಳೆ, ಒಡತಿ, ಹಿತ್ತಲಿನ ಫೋನು. ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

“ಮ್ಯಾನೇಜರಿಗೆ ಮಾಡೋಕೆ ನಿಂಗೇನಾಗಿತ್ತು?” ಅಂತ ಕೇಳಿದೆ.

“ಅವರಿಗೆ ಹೇಳಿದ್ರೆ ನಮ್ಮ ಕಾರ್ಖಾನೆ ಹೋಗ್ತಿತ್ತು ಅಕ್ಕಾ.”

“ಈಗ ಉಳೀತಾ?”

ಉಳಿಯಲಿಲ್ಲ. ಅದೇ ವಾರ ಗುತ್ತಿಗೆ ದಕ್ಷಿಣದ ಕಂಪನಿಗೆ ಹೋಯಿತು, ಎಂಡೋಲದ ಬಾಗಿಲಿಗೆ ಬೀಗ ಬಿತ್ತು. ಎರಡು ದೋಣಿಯ ಮೇಲೆ ಕಾಲಿಟ್ಟವನ ಕಥೆ ಯಾವತ್ತೂ ಇಷ್ಟೇ. ಆದರೆ ನೀರಿಗೆ ಬಿದ್ದವನು ಅವನಲ್ಲ, ಬೇರೆಯವನು. ಅದೇ ನನಗೆ ತಡೆಯದ ಸಂಕಟ. ನಮ್ಮ ಗೋಡೆಯ ಹಲಗೆಯಲ್ಲಿ ಈಗಲೂ ಸೊನ್ನೆಯೇ ಇದೆ. ಆ ಮಧ್ಯಾಹ್ನ ಸಾಲು ನಿಂತದ್ದು ಹೆಣಕ್ಕಾಗಿ, ಮುಚ್ಚಳಕ್ಕಾಗಿ ಅಲ್ಲವಂತೆ. ಮೆಟ್ಟಿಲ ಕೆಳಗಿನ ಮೂಟೆಗಳನ್ನು ಯಾರೂ ಕೇಳಲಿಲ್ಲ, ತಾಡಪಾಲಿನ ಅಡಿ ಹಾಗೇ ಬಿದ್ದಿವೆ.

ಚಿಶಿಂಬ ಸತ್ತ ರಾತ್ರಿಯೇ ನಾನು ಸಾವಿನ ಮನೆಗೆ ಹೋದೆ. ಚಿಶಿಂಬನ ಹೆಂಡತಿಯನ್ನು ಎಲ್ಲರೂ ಹಿರಿಮಗಳ ಹೆಸರು ಹಿಡಿದು ಬಾನಾ ಕಾಂಗ್ವ, ಅಂದರೆ ಕಾಂಗ್ವಳ ತಾಯಿ, ಎಂದೇ ಕರೆಯುತ್ತಿದ್ದರು. ಒಳಕೋಣೆಯಲ್ಲಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಜೆರೆ ಹೇಳಿದ್ದನ್ನೆಲ್ಲ ಅವಳ ಕಿವಿಯಲ್ಲಿ ಹೇಳಿದೆ. ಮುಚ್ಚಿಡುವುದು ನನ್ನಿಂದ ಆಗಲಿಲ್ಲ. ಅವಳು ಅಳು ನಿಲ್ಲಿಸಿ ಪೂರ್ತಿ ಕೇಳಿ, ಒಂದೇ ಪ್ರಶ್ನೆ ಕೇಳಿದಳು.

“ಫೋನಿಟ್ಟ ಮೇಲೆ ನಮ್ಮವರು ನಕ್ಕರಾ?”

ನಕ್ಕರು ಅಂದೆ.

ಹೂಳುವ ದಿನ ಬೆಳಿಗ್ಗೆ ಅಂಗಳದ ತುಂಬ ಜನ. ಕಂಪನಿ ಪೆಟ್ಟಿಗೆ ಕೊಟ್ಟಿತ್ತು, ಹಿಟ್ಟಿನ ಚೀಲ ಕೊಟ್ಟಿತ್ತು. ಹೆಂಗಸರು ದೊಡ್ಡ ಪಾತ್ರೆಯಲ್ಲಿ ನ್ಶಿಮ, ಅಂದರೆ ಮೆಕ್ಕೆಜೋಳದ ಮುದ್ದೆ, ತಿರುವುತ್ತಿದ್ದರು. ನೆರೆಯ ಅಂಗೋನಿ ಹೆಂಗಸರು ಬಂದು ತಮ್ಮ ಕೆಲಸ ಶುರುಮಾಡಿದ್ದರು. ಒಬ್ಬಳು ಮುದ್ದೆ ತಿರುವುವ ಕೋಲು ಕಿತ್ತುಕೊಂಡು ಓಡಿದಳು, ಇನ್ನೊಬ್ಬಳು ಸತ್ತವನ ಅಂಗಿ ತೊಟ್ಟು ಅವನ ಹಾಗೆ ಹೊಟ್ಟೆ ಮುಂದೆ ಮಾಡಿ ನಡೆದಳು. ಅಳುತ್ತಿದ್ದವರೂ ನಡುನಡುವೆ ನಗುತ್ತಿದ್ದರು. ಆದರೆ ಎಲ್ಲರೂ ಕಾಯುತ್ತಿದ್ದುದು ಜೆರೆಗಾಗಿ. ಚಿಶಿಂಬನ ಫೋನಿನ ಜೆರೆ ಅಂದರೆ ಇಡೀ ಚಿಮ್ವೆಮ್ವೆ ಬಡಾವಣೆಗೆ ಗೊತ್ತು.

ಅವನು ಸ್ಮಶಾನದಲ್ಲಿ ಗುಂಡಿ ತೋಡಿ, ಮೊಣಕಾಲವರೆಗೆ ಕೆಂಪು ಮಣ್ಣು ಮೆತ್ತಿಕೊಂಡು, ಹೆಗಲ ಮೇಲೆ ಸಲಿಕೆ ಹೊತ್ತು ಬಂದ. ಅಂಗಳದ ನಡುವೆ ಬಂದು ನಿಂತ. ಚಿಶಿಂಬನ ಸೋದರಮಾವ, ಹಲ್ಲಿಲ್ಲದ ಮುದುಕ, ಕೂತಲ್ಲಿಂದಲೇ ಕೆಣಕಿದ.

“ಏನೋ ಇಲಿ ತಿನ್ನೋನೇ, ನಾಲಿಗೆ ಬೆಕ್ಕು ಕಚ್ಕೊಂಡು ಹೋಯ್ತಾ?”

ಜೆರೆ ಸಲಿಕೆ ಕೆಳಗಿಟ್ಟ. “ನಾನೇ ಕೊಂದೆ,” ಅಂದ.

ಅಂಗಳವೆಲ್ಲ ಘೊಳ್ಳೆಂದು ನಕ್ಕಿತು. ಅಂಗೋನಿ ಹೀಗಲ್ಲದೆ ಮತ್ತೆ ಹೇಗೆ ಶುರುಮಾಡುತ್ತಾನೆ? ನಿಮ್ಮಜ್ಜಂದಿರು ಈಟಿ ಹಿಡಿದು ಬಂದರೂ ಆಗದ್ದು ನೀನು ಮಾಡಿದೆಯಲ್ಲೋ ಎಂದು ಒಬ್ಬ ಮುದುಕಿ ಕೂಗಿದಳು.

“ಮುಚ್ಚಳಕ್ಕೆ ತೂತಿಲ್ಲ ಅಂತ ಗೊತ್ತಿತ್ತು,” ಅಂದ ಜೆರೆ. “ಗೊತ್ತಿದ್ದೂ ಲಾರಿ ಬಿಟ್ಟೆ. ನನ್ನ ಕೆಲಸ ಉಳ್ಕೊಳ್ಳಲಿ ಅಂತ ಬಿಟ್ಟೆ. ತಮಾಷೆ ಅಲ್ಲ. ದೇವರಾಣೆ, ತಮಾಷೆ ಅಲ್ಲ.”

ಅಲ್ಲಿಗೆ ಮುಗಿಯಿತು. ತಮಾಷೆ ಅಲ್ಲ ಅಂದಾಗ ನಕ್ಕವರು ದೇವರಾಣೆ ಅಂದಾಗ ನೆಲಕ್ಕೆ ಬಿದ್ದು ಹೊರಳಾಡಿದರು. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಏನು ನಟನೆ ಮಾಡುತ್ತಾನಪ್ಪಾ ಅಂದರು. ನನಗೆ ಕಿರುಚಿ ಹೇಳಬೇಕು ಅನ್ನಿಸಿತು, ಅದು ನಿಜ, ಅವನು ಹೇಳುತ್ತಿರುವುದೆಲ್ಲ ನಿಜ. ಆದರೆ ಅದು ಅವರವರ ಆಟ, ನಡುವೆ ಬಾಯಿ ಹಾಕುವುದಕ್ಕೆ ಲೋಜಿ ಹೆಂಗಸು ಯಾರು? ಸೋದರಮಾವ ನಕ್ಕು ನಕ್ಕು ಕಣ್ಣೊರೆಸಿಕೊಂಡು ಎದ್ದುಬಂದು, ಸಾಕು ಮಾರಾಯ, ಹೊಟ್ಟೆ ಹಿಡ್ಕೊಂಡಿದೆ ಅನ್ನುತ್ತ, ಪದ್ಧತಿಯಂತೆ ಒಂದು ಕ್ವಾಚಾ ನೋಟನ್ನು ಅವನ ಜೇಬಿಗೆ ತುರುಕಿದ. ಚೆನ್ನಾಗಿ ನಗಿಸಿದ ನೆಂಟನಿಗೆ ಸಲ್ಲುವ ಕೂಲಿ ಅದು.

ಆಗ ಬಾನಾ ಕಾಂಗ್ವ ಒಳಗಿನಿಂದ ಎದ್ದು ಬಾಗಿಲಿಗೆ ಬಂದಳು. ಗಂಡನನ್ನು ಹೂಳುವ ಮೊದಲು ಹೆಂಡತಿ ಚಾಪೆ ಬಿಟ್ಟು ಏಳಬಾರದು. ನಗು ಅರ್ಧಕ್ಕೆ ನಿಂತಿತು.

“ಜೆರೆಯವರೇ,” ಅಂದಳು. “ಗುಂಡಿ ಆಯ್ತಾ?”

“ಆಯ್ತಮ್ಮಾ.”

“ಹಾಗಾದ್ರೆ ನೀವು ಹೊರಡಿ. ನಿಮಗೆ ಈ ಮನೇಲಿ ಇನ್ನು ಕೆಲಸ ಇಲ್ಲ.”

ಬೈದಿದ್ದರೆ ಅವನು ಉಳಿಯುತ್ತಿದ್ದ. ಮಣ್ಣು ಎರಚಿದ್ದರೂ ನೆಂಟನಾಗಿಯೇ ಉಳಿಯುತ್ತಿದ್ದ. ಮರ್ಯಾದೆ ಕೊಟ್ಟದ್ದರಿಂದ ಹೊರಗಿನವನಾದ. ಜೆರೆ ಜೇಬಿನಿಂದ ನೋಟು ತೆಗೆದು ಹೊಸಿಲ ಮೇಲಿಟ್ಟ, ಸಲಿಕೆ ಎತ್ತಿಕೊಂಡ, ಜನರ ನಡುವೆ ದಾರಿ ಮಾಡಿಕೊಂಡು ಹೋದ. ಅವನು ಬೇಲಿ ದಾಟಿದ. ಆಮೇಲೆ ಒಲೆಯ ಹತ್ತಿರ ಯಾರೋ ಒಬ್ಬಳು, ಬಾನಾ ಕಾಂಗ್ವ ಅಂದದ್ದೂ ತಮಾಷೆಗೇ ಇರಬೇಕು ಅಂದುಕೊಂಡು, ಕಿಸಕ್ಕನೆ ನಕ್ಕಳು.